ಹಿಂದಿನ ಅಂಗಳದ ದೂರು

ಮೇ 4, ಭಾನುವಾರ

ಬೆಳಗಿನ ಜಾವ ಕೆಟ್ಟ ಕನಸು. ನಮ್ಮ ಬೀದಿಯವರೆಲ್ಲ ಕುರ್ಚಿ ಹಾಕಿಕೊಂಡು ಸಾಲಾಗಿ ಕೂತಿದ್ದಾರೆ. ನಾನು ಮುಂದೆ ನಿಂತು ಪಾಠ ಮಾಡಬೇಕು. ಬಾಯಿ ತೆರೆದರೆ ಸ್ವರವೇ ಇಲ್ಲ. ಆಗ ಒಂದು ಪಾರಿವಾಳ ಬಂದು ನನ್ನ ಕೈಯಲ್ಲಿದ್ದ ಕೋಲು ಕಿತ್ತುಕೊಂಡು ತಾನೇ ಪಾಠ ಶುರು ಮಾಡಿತು. ಜನ ತಲೆದೂಗಿ ಕೇಳಿದರು. ಅದು ನನಗಿಂತ ಚೆನ್ನಾಗಿ ಮಾತಾಡಿತು ಎನ್ನುವುದೇ ಹೆಚ್ಚು ಬೇಜಾರು. ಎದ್ದವಳೇ ಗ್ಯಾಸ್ ಆರಿಸಿದೆಯೇ ನೋಡಿದೆ, ಬಾಗಿಲ ಚಿಲಕ ನೋಡಿದೆ, ಮತ್ತೆ ಗ್ಯಾಸ್ ನೋಡಿದೆ.

ಕನಸಿಗೆ ಕಾರಣ ನಿನ್ನೆ ನಗರಸಭೆಯಿಂದ ಬಂದ ಫೋನು. ಬೀದಿಗೊಬ್ಬರನ್ನು ಆರಿಸಿ ತರಬೇತಿ ಕೊಡುತ್ತಾರಂತೆ. ನಗರವೂ ಒಂದು ಪರಿಸರ ವ್ಯವಸ್ಥೆ, ಇಲ್ಲಿಯೂ ಮಣ್ಣು, ನೀರು, ಹುಳ, ಹಕ್ಕಿ, ಮನುಷ್ಯ ಒಬ್ಬರಿಗೊಬ್ಬರು ಕಟ್ಟಿಕೊಂಡಿದ್ದೇವೆ ಎಂದು ಜನರಿಗೆ ಗೊತ್ತಾಗಬೇಕಂತೆ. ಕಲಿತವರು ಕೊನೆಗೆ ತಮ್ಮ ಬೀದಿಯವರನ್ನು ಕರೆದುಕೊಂಡು ನಡೆದು ಎಲ್ಲ ತೋರಿಸಬೇಕು. ನಮ್ಮ ಬೀದಿಗೆ ನಾನು.

"ನನ್ನನ್ನೇ ಯಾಕೆ ಸಾರ್?" ಅಂದೆ.

"ನಿಮ್ಮ ಬೀದಿಯಿಂದ ಅತಿ ಹೆಚ್ಚು ದೂರು ಕೊಟ್ಟಿರೋದು ನೀವೇ ಅಮ್ಮ. ನಿಮ್ಮಷ್ಟು ಗಮನ ಇಟ್ಟು ಆ ಬೀದಿಯನ್ನ ಬೇರೆ ಯಾರೂ ನೋಡಿಲ್ಲ."

ದೂರು ಕೊಟ್ಟದ್ದು ನಿಜ. ಬೀದಿದೀಪಕ್ಕೆ ಹುಳ ಮುತ್ತುತ್ತದೆ ಎಂದು ಕೊಟ್ಟಿದ್ದೇನೆ, ಬಾವಲಿ ಹಾರುತ್ತದೆ ಎಂದು ಕೊಟ್ಟಿದ್ದೇನೆ, ಮರದ ಬೇರು ಕಾಲುದಾರಿಯ ಕಲ್ಲೆತ್ತಿದೆ ಎಂದು ಕೊಟ್ಟಿದ್ದೇನೆ. ನಮ್ಮ ಕಟ್ಟಡದ ಹಿಂದಿನ ಅಂಗಳ ಬರೀ ಮಣ್ಣು, ಕಳೆ, ಸೊಳ್ಳೆ, ಅದಕ್ಕೆ ಕಾಂಕ್ರೀಟ್ ಹಾಕಿಸಿ ಎಂದು ಪದೇ ಪದೇ ಕೊಟ್ಟಿದ್ದೇನೆ. ಅದೆಲ್ಲ ಗಮನವಲ್ಲ, ಭಯ. ಫೋನಿನಲ್ಲಿ ಅದನ್ನು ಹೇಗೆ ವಿವರಿಸುವುದು?

ಆಗುವುದಿಲ್ಲ ಎನ್ನಲೂ ಹೆದರಿಕೆ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಬಿಗಿ-ಸಡಿಲ ಮಾಡಿಕೊಡುತ್ತೇನೆ, ಬೋರ್ಡಿಲ್ಲ, ಲೈಸೆನ್ಸೂ ಇಲ್ಲ. ಇಲ್ಲ ಅಂದರೆ ಯಾರೋ ಬಂದು ಬೋರ್ಡ್ ಎಲ್ಲಿ ಎಂದು ಕೇಳಬಹುದು. ಹೂಂ ಅಂದೆ.

ಅತ್ತೆಗೆ ಹೇಳಿದರೆ, "ಒಳ್ಳೇದಾಯ್ತು. ಇಷ್ಟು ದಿನ ನೀನೊಬ್ಬಳೇ ಹೆದರ್ತಿದ್ದೆ, ಇನ್ನು ಇಡೀ ಬೀದಿಗೆ ಹೇಳಿಕೊಡು" ಅಂದರು.

ಇವರು, ನಮ್ಮ ಯಜಮಾನರು, ಬಸ್ ಡ್ರೈವರು. ದಿನವಿಡೀ ಹಾರ್ನ್ ಕೇಳಿ ಬಂದವರು ಮನೆಯಲ್ಲಿ ಮಾತು ಕಡಿಮೆ. "ಹೋಗಿ ಬಾ. ಇಷ್ಟ ಆಗ್ಲಿಲ್ಲ ಅಂದ್ರೆ ಮುಂದಿನ ಸ್ಟಾಪಲ್ಲಿ ಇಳೀಬಹುದು" ಅಂದರು.

ಮೇ 10, ಶನಿವಾರ

ಮೊದಲ ಪಾಠ. ನಗರಸಭೆಯ ಮೇಲಂತಸ್ತಿನ ಕೋಣೆ, ಹಳೆಯ ಬೆಂಚು. ಬೇರೆ ಬೀದಿಗಳಿಂದ ಬಂದವರಲ್ಲಿ ಒಬ್ಬರು ನಿವೃತ್ತ ಹೆಡ್‌ಮಾಸ್ಟರು, ಒಬ್ಬರು ಔಷಧಿ ಅಂಗಡಿಯವರು, ಒಬ್ಬ ಜಿಮ್ ನಡೆಸುವವನು. ನಾನು ಹೋಗಿ ಬಾಗಿಲ ಹತ್ತಿರ ಕೂತೆ.

ಆರನೇ ಕ್ಲಾಸಿನ ನಡುವೆ ಅಮ್ಮನಿಗೆ ಕಾಯಿಲೆ ಎಂದು ನನ್ನನ್ನು ಶಾಲೆ ಬಿಡಿಸಿದ್ದರು. ಆಮೇಲೆ ಎಂಟಕ್ಕೆ ನೇರ ಕೂರಿಸಿದರು, ಅದೂ ಪೂರ್ತಿಯಾಗಲಿಲ್ಲ. ಹಾಗಾಗಿ ಏಳನೇ ಕ್ಲಾಸಿನಲ್ಲಿ ಏನಿತ್ತು ಎಂದು ಇವತ್ತಿಗೂ ತಿಳಿಯದು. ಯಾರಾದರೂ ನನಗೆ ಗೊತ್ತಿಲ್ಲದ ಮಾತಾಡಿದರೆ ಇದು ಏಳನೇ ಕ್ಲಾಸಿನದಿರಬೇಕು ಎಂದುಕೊಳ್ಳುತ್ತೇನೆ. ಇವತ್ತಿನದೆಲ್ಲ ಏಳನೇ ಕ್ಲಾಸೇ.

ಪಾಠದ ಮೇಡಂ ಚಿಕ್ಕವರು, ದೊಡ್ಡ ಕನ್ನಡಕ. "ನೀವು ಕಾಡಿನ ಆಚೆ ಇದ್ದೀರಿ ಅಂದ್ಕೊಂಡಿದ್ದೀರಾ? ಇಲ್ಲ. ನೀವಿರೋದೂ ಒಂಥರಾ ಕಾಡೇ" ಅಂದರು. ನಾನು ಕಾಲು ಬೆಂಚಿನ ಮೇಲೆ ಎತ್ತಿಕೊಂಡೆ. ನೆಲಮಹಡಿಯಲ್ಲಿರುವವರು ನಾವು.

ಮನೆಗೆಲಸ ಕೊಟ್ಟಿದ್ದಾರೆ. ಮನೆ ಹತ್ತಿರದ ಒಂದು ಜಾಗ ಆರಿಸಿಕೊಂಡು ದಿನಾ ನೋಡಬೇಕು. ಯಾರು ಬರುತ್ತಾರೆ, ಯಾರು ಯಾರನ್ನು ತಿನ್ನುತ್ತಾರೆ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ. ನಾನು ಹಿಂದಿನ ಅಂಗಳ ಅಂದೆ. ಅಡುಗೆಮನೆ ಕಿಟಕಿ ಹಾಕಿಕೊಂಡೇ ನೋಡಬಹುದು.

ಮೇ 13, ಮಂಗಳವಾರ

ನೋಡಿದೆ. ಗೋಡೆಯ ಬಿರುಕಿನಲ್ಲಿ ಇರುವೆ. ಪೈಪಿನ ಹಿಂದೆ ಹಲ್ಲಿ. ಮೂಲೆಯಲ್ಲಿ ಜೇಡ, ಅದರ ಬಲೆಯಲ್ಲಿ ಸೊಳ್ಳೆಗಳು. ಹಾಗಾದರೆ ಸೊಳ್ಳೆಯ ಮೇಲೆ ದೂರು ಕೊಟ್ಟವಳು ನಾನೊಬ್ಬಳೇ ಅಲ್ಲ, ಜೇಡವೂ ತನ್ನ ಪ್ರಯತ್ನ ಮಾಡುತ್ತಿದೆ.

ಯಾರೋ ಎಸೆದ ಒಡೆದ ವಾಷ್‌ಬೇಸಿನ್ನಿನ ಕೆಳಗಿಂದ ಒಂದು ದಪ್ಪ ಕಪ್ಪೆ ಹೊರಬಂತು. ಕಿಟಕಿಯ ಚಿಲಕ ಇನ್ನೊಮ್ಮೆ ನೋಡಿದೆ. ಅತ್ತೆಯನ್ನು ಕರೆದೆ. ಅವರ ಮಂಚ ಹಿಂದಿನ ಕೋಣೆಯಲ್ಲೇ, ಬಾಗಿಲು ತೆರೆದರೆ ಅಂಗಳ.

"ಇದಾ? ಇದು ನನಗೆ ಹಳೇ ಪರಿಚಯ. ದಿನಾ ಸಂಜೆ ಬರತ್ತೆ" ಅಂದರು.

"ನನಗೆ ಹೇಳಲೇ ಇಲ್ವಲ್ಲ ಅತ್ತೆ!"

"ಹೇಳಿದ್ರೆ ಅದರ ಮೇಲೂ ದೂರು ಬರೀತಿದ್ದೆ."

ಅತ್ತೆ ಅದಕ್ಕೆ ಖಜಾಂಚಿ ಎಂದು ಹೆಸರಿಟ್ಟಿದ್ದಾರೆ. ಉಬ್ಬಿಕೊಂಡು ಕೂತಿರುತ್ತದೆ, ಬಾಯೊಳಗೆ ಹೋದದ್ದು ಹೊರಗೆ ಬರುವುದಿಲ್ಲ. ಸುಮಾರು ಹೊತ್ತು ಇಬ್ಬರೂ ನೋಡಿದೆವು. ಒಂದು ಪ್ಯಾಂಟಿನ ಕಾಲು ಹೊಲಿಯುವುದು ಬಾಕಿಯಾಯಿತು. ಗಿರಾಕಿ ಬಂದು ಇನ್ನೊಂದು ಕಾಲು ಎಲ್ಲಿ ಎಂದು ಕೇಳಿದ.

ಮೇ 17, ಶನಿವಾರ

ಇವತ್ತು ಅವಮಾನವಾಗಿದೆ, ಅಥವಾ ಆಗಿಲ್ಲ. ತಿಳಿಯುತ್ತಿಲ್ಲ.

ಮೊದಲು ಮೇಡಂ ಎಲ್ಲರನ್ನೂ ನಗರಸಭೆಯ ಅಂಗಳಕ್ಕೆ ಕರೆದು ಒಂದು ಬಕೆಟ್ ನೀರು ಕಲ್ಲುಹಾಸಿನ ಮೇಲೆ ಸುರಿದರು. ಅದು ಓಡಿ ಹೋಗಿ ಹೆಡ್‌ಮಾಸ್ಟರ ಶೂ ಒಳಗೆ ಸೇರಿತು. ಇನ್ನೊಂದು ಬಕೆಟ್ ಗಿಡದ ಬುಡದ ಮಣ್ಣಿಗೆ ಸುರಿದರು. ಅದು ಅಲ್ಲೇ ನಿಂತು, ಗುಳುಗುಳು ಎಂದು ಇಳಿದು ಹೋಯಿತು. "ಮಣ್ಣು ಮುಚ್ಚಿದಷ್ಟೂ ನೀರಿಗೆ ಮನೆ ಇಲ್ಲದ ಹಾಗೆ. ಆಮೇಲೆ ಅದು ನಿಮ್ಮ ಮನೆಗೆ ಬರತ್ತೆ" ಅಂದರು. ಹೆಡ್‌ಮಾಸ್ಟರು ಸಾಕ್ಸ್ ಹಿಂಡುತ್ತಾ "ಉದಾಹರಣೆ ಸ್ಪಷ್ಟವಾಗಿದೆ" ಅಂದರು.

ಆಮೇಲೆ ಕಪ್ಪುಹಲಗೆ. ಒಬ್ಬೊಬ್ಬರೂ ತಮ್ಮ ಜಾಗದ ಒಂದು ಜೀವಿಯ ಹೆಸರು ಬರೆದು, ಅದು ಹೋದರೆ ಏನಾಗುತ್ತದೆ ಎಂದು ಗೆರೆ ಎಳೆಯಬೇಕು. ಜಿಮ್ಮಿನವನು ಎರಡು ಗೆರೆಗೆ ನಿಂತ. ಔಷಧಿ ಅಂಗಡಿಯವರು ಮೂರು. ನಾನು ಬಾವಲಿ ಎಂದು ಬರೆದೆ. ಬಾವಲಿ ಹೋದರೆ ಹುಳ ಹೆಚ್ಚುತ್ತದೆ. ಹುಳ ಹೆಚ್ಚಿದರೆ ನನ್ನ ಅಂಗಡಿಯ ಉಣ್ಣೆ ಕೋಟಿಗೆ ತೂತು. ತೂತು ಬಿದ್ದರೆ ಗಿರಾಕಿ ಜಗಳ. ಜಗಳವಾದರೆ ನನಗೆ ನಿದ್ದೆ ಇಲ್ಲ. ನಾನು ಮಲಗದಿದ್ದರೆ ಇವರಿಗೂ ನಿದ್ದೆ ಇಲ್ಲ. ಇವರಿಗೆ ನಿದ್ದೆ ಇಲ್ಲದಿದ್ದರೆ ಬಸ್ಸು. ಬಸ್ಸಿನಲ್ಲಿ ಎಷ್ಟು ಜನ! ಹಲಗೆ ಮುಗಿದು ಗೋಡೆಯ ಮೇಲೆ ಬರೆಯತೊಡಗಿದ್ದೆ.

"ಬಟ್ಟೆ ತಿನ್ನೋ ಹುಳ ಬೇರೆ, ಬಾವಲಿ ಅದನ್ನ ಹಿಡಿಯಲ್ಲ" ಎಂದು ಮೇಡಂ ಆ ಒಂದು ಗೆರೆ ಅಳಿಸಿದರು. ನಂತರ ಉಳಿದದ್ದನ್ನು ನೋಡುತ್ತಾ ನಿಂತರು. "ಇದನ್ನ ಎಲ್ಲಿ ಕಲಿತಿರಿ?"

"ಕಲಿತದ್ದಲ್ಲ ಮೇಡಂ, ನನ್ನ ಕಾಯಿಲೆಯೇ ಇದು."

"ವಾಸಿ ಮಾಡ್ಕೋಬೇಡಿ. ಜೂನ್ ಒಂದಕ್ಕೆ ನಿಮ್ಮ ಬೀದಿಯಲ್ಲಿ ನೀವೇ ನಡೆಸಬೇಕು" ಅಂದರು.

ಇದು ಹೊಗಳಿಕೆಯೋ ಹೇಗೆ ಎಂದು ಇವರನ್ನು ಕೇಳಿದೆ. "ಬಸ್ಸಿನ ತನಕ ಬಂದಿದೀಯಲ್ಲ, ಬಾವಲಿಯಿಂದ. ದೂರದ ರೂಟು" ಅಂದರು.

ಮೇ 22, ಗುರುವಾರ

ಅಡುಗೆಗೆ ಉಪ್ಪು ಹಾಕುವುದು ಮರೆತೆ. ಅಂಗಳದಲ್ಲಿ ಏರೋಪ್ಲೇನ್ ಚಿಟ್ಟೆ ಬಂದಿತ್ತು. ಅತ್ತೆಗೂ ಉಪ್ಪಿಲ್ಲದ್ದು ತಿಳಿಯಲಿಲ್ಲ, ಅವರೂ ಅದನ್ನೇ ನೋಡುತ್ತಿದ್ದರು. ಇವರು ಉಪ್ಪಿನ ಡಬ್ಬಿ ತಾವೇ ತಂದುಕೊಂಡು ಊಟ ಮಾಡಿದರು.

ಇವತ್ತು ಕಿಟಕಿ ತೆರೆದೇ ಇತ್ತು. ಯಾರು ತೆರೆದರೋ.

ಮೇ 27, ಮಂಗಳವಾರ

ಕಾರ್ಯದರ್ಶಿಗಳು ಬಂದಿದ್ದರು. ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿ, ನಾಲ್ಕನೇ ಮಹಡಿ. ಮಂಡಿನೋವು, ಆದರೂ ಒಳ್ಳೆಯ ಸುದ್ದಿಯಿದ್ದರೆ ತಾವೇ ಇಳಿದು ಬರುತ್ತಾರೆ.

"ಟೈಲರಮ್ಮ, ಬಾಯಿ ಸಿಹಿ ಮಾಡಿಸಬೇಕು ನೀವು! ನಿಮ್ಮ ದೂರು ಪಾಸಾಗಿದೆ. ಹಿಂದಿನ ಅಂಗಳಕ್ಕೆ ಕಾಂಕ್ರೀಟು, ಜೂನ್ ಮೊದಲ ವಾರ ಕೆಲಸ. ಈಗ ನೀವು ಅವರ ಮಾರ್ಗದರ್ಶಿ ಅಲ್ವಾ, ನಿಮ್ಮ ಫೈಲು ಮೇಲೆ ಇಟ್ರಂತೆ. ಇಷ್ಟು ವರ್ಷ ನಾನು ಬರೆದ್ರೆ ಏನೂ ಆಗಲಿಲ್ಲ. ಏನು ಪ್ರಭಾವ ರೀ ನಿಮ್ಮದು!"

ಕಾರು ನಿಲ್ಲಿಸಲು ಜಾಗವಾಗುತ್ತದೆ ಎಂದು ಖುಷಿಯಲ್ಲಿ ಲಿಫ್ಟ್ ಹತ್ತಿ ಹೋದರು. ನಾನು ಒಂದು ಗುಂಡಿಯನ್ನು ಮೂರು ಸಲ ಹೊಲಿದೆ.

ಆಮೇಲೆ ಬಕೆಟ್ ತಗೊಂಡು ಹೋದೆ. ಮುಂದುಗಡೆಯ ಸಿಮೆಂಟಿನ ಮೇಲೆ ಸುರಿದೆ. ನೀರು ಒಂದು ಕ್ಷಣ ಯೋಚಿಸಿ, ತಿರುಗಿ, ನಮ್ಮ ಅಂಗಡಿ ಬಾಗಿಲ ಕೆಳಗೆ ನುಗ್ಗಿತು. ಹಿಂದಿನ ಅಂಗಳದಲ್ಲಿ ಸುರಿದೆ. ಕುಡಿದುಬಿಟ್ಟಿತು. ತಾರಸಿಯ ನೀರೆಲ್ಲ ಒಂದೇ ಪೈಪಿನಲ್ಲಿ ಈ ಅಂಗಳಕ್ಕೇ ಬೀಳುವುದು. ಇದಕ್ಕೆ ಕಾಂಕ್ರೀಟು ಹಾಕಿದರೆ ಆ ನೀರು ಎಲ್ಲಿಗೆ ಹೋಗಬೇಕು? ಅಂಗಳದಿಂದ ಮೊದಲ ಬಾಗಿಲು ನಮ್ಮದು. ಬಾಗಿಲೊಳಗೆ ಮೊದಲು ಸಿಗುವುದು ಅತ್ತೆಯ ಮಂಚ.

ಇಷ್ಟು ವರ್ಷ ನನ್ನ ಮನೆಗೆ ನೀರು ನುಗ್ಗಿಸಿ ಎಂದು ನಾನೇ ಅರ್ಜಿ ಕೊಟ್ಟುಕೊಂಡು ಬಂದಿದ್ದೇನೆ. ಅದೂ ನೆನಪೋಲೆ ಸಮೇತ.

ಖಜಾಂಚಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಮೇ 28, ಬುಧವಾರ

ನಗರಸಭೆಗೆ ಹೋಗಿ ದೂರು ವಾಪಸ್ ಕೊಡಿ ಅಂದೆ. ಗುಮಾಸ್ತರು ಒಳ್ಳೆಯವರೇ, ಕುರ್ಚಿ ಕೊಟ್ಟರು.

"ದೂರು ಮುಗೀಬೇಕು ಅಂದ್ರೆ ಎರಡೇ ದಾರಿ ಅಮ್ಮ. ಒಂದು, ಕೆಲಸ ಆಗಿರಬೇಕು. ಇಲ್ಲ, ದೂರು ಕೊಟ್ಟೋರು ತೀರಿಕೊಂಡಿರಬೇಕು."

"ನಾನು ಬದುಕಿದ್ದೀನಿ ಸಾರ್."

"ಗೊತ್ತಾಗ್ತಿದೆ. ಹಂಗಾದ್ರೆ ಕೆಲಸ ಆಗಬೇಕು."

ನನ್ನ ಮುಖ ನೋಡಿ ಅವರೇ ಸ್ವಲ್ಪ ಕರಗಿದರು. ಕಟ್ಟಡದವರು ಸಭೆ ಸೇರಿ ಬೇಡ ಎಂದರೆ ಮೇಸ್ತ್ರಿ ಕೆಲಸ ನಿಲ್ಲಿಸುತ್ತಾನೆ, ಆಮೇಲೆ ಪರಿಶೀಲನೆಯ ಸಾಹೇಬರು ಬಂದು ನೋಡುತ್ತಾರೆ ಅಂದರು. ಕಟ್ಟಡದವರು ಬೇಡ ಅನ್ನುವರೇ? ನಿಲ್ಲಿಸಲು ಜಾಗವಿಲ್ಲದೆ ಕಾರುಗಳು ಬೀದಿಯಲ್ಲಿ ಮೂಗಿಗೆ ಮೂಗು ಹಚ್ಚಿಕೊಂಡು ನಿಂತಿವೆ.

ಮೇಡಂಗೆ ಫೋನು ಮಾಡಿದೆ. "ಭಾನುವಾರ ಹೇಗೂ ಅವರನ್ನೆಲ್ಲ ನಡೆಸ್ತೀರಲ್ಲ. ಅಲ್ಲಿಗೇ ಕರ್ಕೊಂಡು ಹೋಗಿ. ನಾನು ಹಿಂದೆ ನಿಂತಿರ್ತೀನಿ, ಬಾಯಿ ಬಿಡಲ್ಲ" ಅಂದರು. ಬಾಯಿ ಬಿಟ್ಟರೇ ಒಳ್ಳೆಯದಿತ್ತು.

ಮೇ 31, ಶನಿವಾರ

ಅತ್ತೆಯ ಮುಂದೆ ಅಭ್ಯಾಸ ಮಾಡಿದೆ.

"ಗಟ್ಟಿಯಾಗಿ ಹೇಳು. ನನ್ನ ಬೈಯುವಾಗ ಸ್ವರ ಬರತ್ತಲ್ಲ" ಅಂದರು.

"ನಾನ್ಯಾವತ್ತು ನಿಮ್ಮನ್ನ ಬೈದೆ ಅತ್ತೆ?"

"ಮನಸ್ಸಲ್ಲಿ. ಕೇಳಿಸತ್ತೆ."

ಮನೆಗೆ ನೀರು ಬಂದರೆ ಮಂಚ ಎಲ್ಲಿಡುವುದು ಎಂದು ಕೇಳಿದೆ. ಎಲ್ಲೂ ಇಡಬೇಡ, ನಾನು ಆ ಬಾಗಿಲು ಬಿಟ್ಟು ಏಳಲ್ಲ, ನನಗಿರೋದು ಅದೊಂದು ಬಾಗಿಲು ಅಂದರು. ಅತ್ತೆ ಹೊರಗೆ ನಡೆದು ಬಹಳ ಕಾಲವಾಯಿತು. ಇದನ್ನು ನಾನು ಇವತ್ತೇ ಯೋಚಿಸಿದ್ದು.

ಜೂನ್ 1, ಭಾನುವಾರ

ಆಯಿತು. ನೆನಪಿರುವಾಗಲೇ ಬರೆದಿಡುತ್ತೇನೆ.

ನಮ್ಮ ಕಟ್ಟಡದವರು ಬಹುತೇಕ ಬಂದಿದ್ದರು, ಬೀದಿಯ ಕೆಲವರೂ ಸೇರಿದ್ದರು. ಕಾರ್ಯದರ್ಶಿಗಳು ಮುಂದೆಯೇ ನಿಂತಿದ್ದರು. ಇವರು ಡ್ಯೂಟಿ ಬದಲಾಯಿಸಿಕೊಂಡು ಬಂದು ಎಲ್ಲರ ಹಿಂದೆ, ಕಂಡಕ್ಟರ್ ನಿಲ್ಲುವ ಜಾಗದಲ್ಲಿ ನಿಂತರು. ನಾನು ಬಾಯಿ ತೆರೆದೆ. ಬಾಯಿಪಾಠ ಮಾಡಿದ್ದು ಒಂದಕ್ಷರವೂ ಬರಲಿಲ್ಲ. "ಪರಿಸರ ವ್ಯವಸ್ಥೆ ಎಂದರೆ" ಎನ್ನುವಷ್ಟು ಬಂದು ನಿಂತುಹೋಯಿತು. ಎದುರಿಗೆ ಮರವಿತ್ತು. ಅದಕ್ಕೆ ಬುಡದ ತನಕ ಸಿಮೆಂಟು ಬಿಗಿದಿದ್ದಾರೆ.

"ನನಗೆ ಇದನ್ನ ನೋಡಿದ್ರೆ ಸಂಕಟ" ಅಂದೆ. "ಕಾಲರ್ ಬಿಗಿ ಆದ ಶರ್ಟ್ ಥರ. ಉಸಿರಾಡೋಕೆ ಆಗಲ್ಲ. ಅದಕ್ಕೇ ಬೇರು ಮೇಲೆ ಬಂದು ಕಲ್ಲೆತ್ತಿದೆ. ನಾನು ಬೇರಿನ ಮೇಲೆ ದೂರು ಕೊಟ್ಟಿದ್ದೆ. ಕಾಲರ್ ಬಿಚ್ಚಬೇಕಿತ್ತು."

ಒಬ್ಬರು ತಮ್ಮ ಕಾಲರ್ ಸಡಿಲ ಮಾಡಿಕೊಂಡರು. ಆಮೇಲೆ ಏನಾಯಿತೋ, ಹೇಳುತ್ತಾ ಹೋದೆ. ಪಾಠವಲ್ಲ, ನನಗೆ ದಿನಾ ಬರುವ ಯೋಚನೆಗಳು. ದೀಪದ ಕಂಬದ ಕೆಳಗೆ ನಿಂತು, ಹುಳ ಬಂತು ಎಂದು ಒಂದು ದೂರು ಕೊಟ್ಟೆ, ಆ ಹುಳ ತಿನ್ನಲು ಬಾವಲಿ ಬಂತು ಎಂದು ಇನ್ನೊಂದು ಕೊಟ್ಟೆ, ಎರಡೂ ಪಾಸಾಗಿದ್ದರೆ ಏನಾಗುತ್ತಿತ್ತೋ ಅಂದೆ. ಜನ ನಕ್ಕರು. ನಗುವ ವಿಷಯವಲ್ಲ ಅಂದೆ. ಇನ್ನೂ ನಕ್ಕರು. ಟಾರಿನ ಕೆಳಗೂ ಮಣ್ಣಿದೆ, ಅದಕ್ಕೆ ಬಿಸಿಲೂ ಇಲ್ಲ ನೀರೂ ಇಲ್ಲ, ನಾವು ಅದರ ಮೇಲೆ ನಿಂತಿದ್ದೇವೆ ಅಂದೆ. ಕೆಲವರು ಕಾಲು ಬದಲಾಯಿಸಿ ನಿಂತರು.

ಅಂಗಳಕ್ಕೆ ಬಂದೆವು. ಅತ್ತೆ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕಾರ್ಯದರ್ಶಿಗಳು, "ಎಲ್ಲ ಸರಿ ಟೈಲರಮ್ಮ, ಆದ್ರೆ ಸೊಳ್ಳೆ?" ಅಂದರು.

"ಸೊಳ್ಳೆ ಇದೆ ಸಾರ್. ಅದನ್ನ ತಿನ್ನೋರೂ ಇಲ್ಲೇ ಇದ್ದಾರೆ, ಜೇಡ, ಹಲ್ಲಿ, ಕಪ್ಪೆ. ಕಾಂಕ್ರೀಟ್ ಹಾಕಿದ್ರೆ ತಿನ್ನೋರು ಹೋಗ್ತಾರೆ. ಸೊಳ್ಳೆಗೆ ಏನು, ಬಾಟಲಿ ಮುಚ್ಚಳದಷ್ಟು ನೀರು ಸಾಕು, ನಿಮ್ಮ ಹೂಕುಂಡದ ತಟ್ಟೆಗೆ ಬರತ್ತೆ."

"ನಾಲ್ಕನೇ ಮಹಡಿಗಾ?"

"ಅದಕ್ಕೆ ಮಂಡಿನೋವಿಲ್ಲ, ಹತ್ತತ್ತೆ" ಎಂದು ಅತ್ತೆ ಕುರ್ಚಿಯಿಂದ ಹೇಳಿದರು.

ಬಕೆಟ್ ಕೊಟ್ಟು, ನೀವೇ ಸುರಿಯಿರಿ ಸಾರ್ ಅಂದೆ. ಪಕ್ಕದ ಓಣಿಯ ಸಿಮೆಂಟಿನ ಮೇಲೆ ಸುರಿದರು. ಎಲ್ಲರೂ ನೀರಿನ ಹಿಂದೆ ನಡೆದೆವು. ಅರ್ಧ ನೀರು ನಮ್ಮ ಬಾಗಿಲಿಗೆ. ಅದು ನನಗೆ ಗೊತ್ತಿತ್ತು. ಉಳಿದರ್ಧ ಓಣಿಯ ತುದಿಗೆ ಹೋಗಿ ಲಿಫ್ಟಿನ ಬಾಗಿಲ ಸಂದಿಯಲ್ಲಿ ತೊಟ್ಟಿಕ್ಕುತ್ತಾ ಕೆಳಗಿಳಿಯಿತು. ಅದು ನನಗೂ ಗೊತ್ತಿರಲಿಲ್ಲ. ಲಿಫ್ಟಿನ ಬುಡದ ಹಳ್ಳ ಅಲ್ಲಿದೆ.

"ಇದು ಒಂದು ಬಕೆಟ್ಟು" ಅಂದೆ. ಉಳಿದದ್ದು ತಾನಾಗಿ ಬಂತು. "ತಾರಸಿ ನೀರೆಲ್ಲ ಬಂದ್ರೆ ಲಿಫ್ಟ್ ನಿಲ್ಲತ್ತೆ. ಲಿಫ್ಟ್ ನಿಂತ್ರೆ ನೀವು ಮೆಟ್ಟಿಲು ಹತ್ತಬೇಕು. ಹತ್ತಿದ್ರೆ ಮಂಡಿ. ಮಂಡಿ ಕೆಟ್ರೆ ಕೆಳಗೆ ಇಳಿಯಲ್ಲ. ಇಳಿಯದಿದ್ರೆ ಕಾರು ಇಲ್ಲಿ ನಿಂತೇ ಇರತ್ತೆ, ನೋಡೋಕೆ ಮೇಲಿಂದ ಕಾಣತ್ತೆ ಅಷ್ಟೆ."

ಕಾರ್ಯದರ್ಶಿಗಳು ತಮ್ಮ ಮಂಡಿ ಮುಟ್ಟಿಕೊಂಡರು. ಹಿಂದೆ ನಿಂತಿದ್ದ ಮೇಡಂ ಏನೋ ಬರೆದುಕೊಳ್ಳುತ್ತಿದ್ದರು. ನನ್ನ ತಪ್ಪುಗಳಿರಬೇಕು.

ಜೂನ್ 3, ಮಂಗಳವಾರ

ಮೇಸ್ತ್ರಿ ಬಂದು ಕಟ್ಟಡದ ಮುಂದೆ ಜಲ್ಲಿ ಸುರಿಸಿದ್ದಾನೆ. ಸಂಜೆ ಸಭೆ, ಮನೆಗೊಂದು ಕೈ. ಬೇಕು ಎನ್ನುವವರೂ ಬೇಡ ಎನ್ನುವವರೂ ಸಮ. ಕಾರ್ಯದರ್ಶಿಗಳ ಕೈ ಬಾಕಿ. ಅವರು ಅಡಕತ್ತರಿಯಲ್ಲಿ ಸಿಕ್ಕವರ ಹಾಗೆ, ಒಂದು ಸಲ ಕಾರಿನ ಕಡೆ, ಒಂದು ಸಲ ಲಿಫ್ಟಿನ ಕಡೆ ನೋಡಿದರು.

"ಬಕೆಟ್ಟು ಬಕೆಟ್ಟೇ, ಮಳೆ ಮಳೆಯೇ" ಅಂದರು ಕೊನೆಗೆ. "ಒಂದು ದೊಡ್ಡ ಮಳೆ ಬರಲಿ. ಈ ಮಣ್ಣು ಅಷ್ಟೂ ಕುಡಿದ್ರೆ ಬಿಡೋಣ. ಕುಡಿಯದೆ ಒಳಗೆ ಬಂದ್ರೆ ಕಾಂಕ್ರೀಟ್ ಹಾಕಿ ಚರಂಡಿ ಮಾಡೋಣ."

ಮೇಸ್ತ್ರಿ, "ಮೋಡ ಕಟ್ಟಿದೆ, ನನಗೂ ಕಲಸೋಕಾಗಲ್ಲ, ಕಾಯ್ತೀನಿ" ಅಂದ.

ಈಗ ನನ್ನ ಮನೆಯೇ ಪಣ. ಮಣ್ಣು ಕುಡಿಯದಿದ್ದರೆ ಮೊದಲು ನೆನೆಯುವುದು ಅತ್ತೆಯ ಹಾಸಿಗೆ, ಆಮೇಲೆ ಕಾಂಕ್ರೀಟು, ಆಮೇಲೆ ಪ್ರತಿ ಮಳೆಗೂ ಅದೇ. ಮಣ್ಣು ಒಳ್ಳೆಯದು ಎಂದು ಊರಿಗೆಲ್ಲ ಹೇಳಿದವಳು ನಾನು. ಅದು ನನ್ನ ಮಾತು ಕೇಳಿಸಿಕೊಂಡಿದೆಯೋ ಇಲ್ಲವೋ. ಕಡ್ಡಿ ತಗೊಂಡು ಅಲ್ಲಲ್ಲಿ ಚುಚ್ಚಿ ನೋಡಿದೆ. ಎರೆಹುಳು ಇವೆ. ಮೇಡಂ ಹೇಳಿದ್ದರು, ಅವು ಕೊರೆದ ದಾರಿಯಲ್ಲೇ ನೀರು ಇಳಿಯುವುದು ಎಂದು. ಬರಿಗೈಯಲ್ಲಿ ಮುಟ್ಟಿದ್ದೆ ಎಂದು ಈಗ ಬರೆಯುವಾಗ ಹೊಳೆಯುತ್ತಿದೆ.

ಜೂನ್ 8, ಭಾನುವಾರ

ಮಧ್ಯಾಹ್ನ ಬಂತು. ಸಣ್ಣ ಮಳೆಯಲ್ಲ. ಬೀದಿ ಕಾಲುವೆಯಾಯಿತು. ಅಂಗಡಿ ಬಾಗಿಲಿಗೆ ಹಳೆ ಬಟ್ಟೆ ಗಂಟು ಕಟ್ಟಿ ಒತ್ತಿದೆ, ಆದರೂ ನೀರು ಒಳಗೆ ಬಂದು ಹೊಲಿಗೆ ಯಂತ್ರದ ಕಾಲು ಮುಟ್ಟಿತು. ಅದನ್ನು ಬಿಟ್ಟು ಹಿಂದಕ್ಕೆ ಓಡಿದೆ.

ತಾರಸಿ ಪೈಪು ಆನೆ ಸೊಂಡಿಲಿನ ಹಾಗೆ ಸುರಿಯುತ್ತಿತ್ತು. ಅಂಗಳ ತುಂಬುತ್ತಾ ಬಂತು. ಮೇಸ್ತ್ರಿ ಪ್ಲಾಸ್ಟಿಕ್ ಹೊದ್ದು ಓಣಿಯಲ್ಲಿ ನಿಂತಿದ್ದ. ಮೇಲಿನ ಕಿಟಕಿಗಳಲ್ಲೆಲ್ಲ ತಲೆಗಳು. "ಟೈಲರಮ್ಮಾ, ಎಷ್ಟು ಬಂತು?" ಎಂದು ಒಬ್ಬರು, "ಲಿಫ್ಟ್ ನೋಡ್ರೀ ಯಾರಾದ್ರೂ!" ಎಂದು ಕಾರ್ಯದರ್ಶಿಗಳು. ಇವರು ಮಂಚದ ಒಂದು ಕಡೆ ಹಿಡಿದು, "ಅಮ್ಮ, ಇಳಿ, ಎತ್ತಿಡ್ತೀನಿ" ಅಂದರು. ಅತ್ತೆ ಕಾಲು ಮಡಚಿಕೊಂಡು ಕೂತು, "ಎತ್ತೋದಾದ್ರೆ ನನ್ನ ಸಮೇತ ಎತ್ತು" ಅಂದರು.

ನೀರು ಹೊಸಿಲಿಗೆ ಬಂತು. ಹೊಸಿಲ ಮೇಲೆ ಒಂದು ತೆಳು ಗೆರೆಯಾಗಿ ಏರಿತು. ಹೇಳಿಕೊಳ್ಳಲು ನಾಚಿಕೆ, ನಾನು ಮಣ್ಣಿಗೆ ಕೈ ಮುಗಿದೆ. ಕುಡಿ, ಕುಡಿ ಅಂದೆ. ಗಟ್ಟಿಯಾಗಿಯೇ ಅಂದಿರಬೇಕು. ಮೇಲಿನಿಂದಲೂ ಯಾರೋ ಕುಡಿ ಅಂದರು.

ಎಷ್ಟು ಹೊತ್ತೋ ಅದು ಹಾಗೇ ನಿಂತಿತ್ತು, ಒಳಗೂ ಬರದೆ ಹೊರಗೂ ಹೋಗದೆ. ಆಮೇಲೆ ಅಲ್ಲೊಂದು ಇಲ್ಲೊಂದು ಗುಳ್ಳೆ ಬರತೊಡಗಿತು. ಗೋಡೆಯ ಬುಡದಲ್ಲಿ ಸಣ್ಣ ಸುಳಿ. ಕಳೆಗಳ ತುದಿ ಕಾಣಿಸಿತು. "ಗಂಟಲು ಒಣಗಿದೋನು ಕುಡಿದಂಗೆ ಕುಡೀತಲ್ಲ!" ಎಂದು ಮೇಸ್ತ್ರಿ ಪ್ಲಾಸ್ಟಿಕ್ ತೆಗೆದು ನೋಡಿದ. ಹೊಸಿಲ ಒಳಗೆ ಒಂದು ಹನಿ ಇಲ್ಲ.

ಕಾರ್ಯದರ್ಶಿಗಳು ಕಿಟಕಿಯಿಂದಲೇ ಕೂಗಿದರು, "ಬೇಡ ಅನ್ನೋರು ಕೈ ಎತ್ತಿ!" ಎಲ್ಲ ಕಿಟಕಿಯಿಂದಲೂ ಕೈ ಹೊರಬಂತು. ಮಳೆ ನಿಂತಿತೇ ಎಂದು ನೋಡಲು ಕೈ ಚಾಚಿದವರನ್ನೂ ಅವರು ಲೆಕ್ಕಕ್ಕೆ ಹಿಡಿದರು ಎಂದು ಮೊದಲನೇ ಮಹಡಿಯವರು ಆಮೇಲೆ ತಕರಾರು ತೆಗೆದಿದ್ದಾರೆ. ಆದರೆ ಕೈ ಕೈಯೇ.

ಅಂಗಡಿ ಒರೆಸಿ ಮುಗಿಸುವಾಗ ಸಂಜೆಯಾಯಿತು. ಬೇಗ ನಿದ್ದೆ ಬಂತು.

ಜೂನ್ 12, ಗುರುವಾರ

ಪರಿಶೀಲನೆಯ ಸಾಹೇಬರು ಬಂದಿದ್ದರು. ಅಂಗಳಕ್ಕೆ ಹೋಗಲಿಲ್ಲ, ಶೂ ಹೊಸದು. ಓಣಿಯ ತುದಿಯಲ್ಲಿ ನಿಂತು ಕತ್ತು ಚಾಚಿ ನೋಡಿ, ಒಂದು ಕಾಗದ ಕೊಟ್ಟು ಸಹಿ ಹಾಕಿ ಅಂದರು. ಓದಿದೆ. ನನ್ನ ಓದು ನಿಧಾನ, ಎರಡು ಸಲ ಓದಿದೆ. "ಹಿಂದಿನ ಅಂಗಳಕ್ಕೆ ಕಾಂಕ್ರೀಟ್ ಹಾಕಲಾಗಿದೆ. ದೂರು ಮುಕ್ತಾಯ" ಎಂದಿತ್ತು.

"ಹಾಕಿಲ್ಲವಲ್ಲ ಸಾರ್."

"ಹಾಕಬಾರದು ಅಂತ ತಾನೇ ನಿಮಗೆ ಬೇಕಾಗಿರೋದು? ಹಾಕಿದೆ ಅಂತ ಬರೆದ್ರೆ ಮತ್ತೆ ಯಾರೂ ಹಾಕೋಕೆ ಬರಲ್ಲ. ಮುಗೀತು."

ಕಾರ್ಯದರ್ಶಿಗಳಿಗೆ ಇದು ಜಾಣತನವಾಗಿ ಕಂಡಿತು. ಜಲ್ಲಿ ತುಂಬಿಸಿಕೊಳ್ಳಲು ಬಂದಿದ್ದ ಮೇಸ್ತ್ರಿಯೂ, "ಹಾಕ್ಬಿಡಿ ಅಮ್ಮ, ಎಲ್ಲರಿಗೂ ಆರಾಮ" ಅಂದ. ಇವರು ಮಾತ್ರ ನನ್ನ ಮುಖ ನೋಡುತ್ತಿದ್ದರು.

ಪೆನ್ನು ಕೈಗೆ ಬಂತು. ಆದರೆ ಯೋಚನೆ ಹೊರಟಿತು. ಕಾಗದದಲ್ಲಿ ಕಾಂಕ್ರೀಟ್ ಇದೆ. ಕಾಂಕ್ರೀಟ್ ಇದ್ದರೆ ಮುಂದೊಂದು ದಿನ ಅದು ಬಿರುಕು ಬಿಡಬೇಕು. ಬಿರುಕು ಬಿಟ್ಟರೆ ರಿಪೇರಿ ಪಾಸಾಗುತ್ತದೆ. ರಿಪೇರಿಗೆ ಬಂದವರಿಗೆ ಬಿರುಕು ಕಾಣಿಸುವುದಿಲ್ಲ, ಕಾಂಕ್ರೀಟೇ ಕಾಣಿಸುವುದಿಲ್ಲ. ಆಗ ಅವರೇನು ಸುಮ್ಮನೆ ಹೋಗುತ್ತಾರೆಯೇ? ಹೊಸದಾಗಿ ಹಾಕಿ ಹೋಗುತ್ತಾರೆ. ಆ ಹೊತ್ತಿಗೆ ನಾವು ಇರುತ್ತೇವೋ ಇಲ್ಲವೋ, ಕೈ ಎತ್ತಲು ಯಾರಿರುತ್ತಾರೋ. ಇಷ್ಟನ್ನೂ ಗಟ್ಟಿಯಾಗಿಯೇ ಹೇಳಿದೆ. ಸಾಹೇಬರು ನಡುವೆ ಬಾಯಿ ಹಾಕಲು ನೋಡಿದರು, ಜಾಗ ಸಿಗಲಿಲ್ಲ.

"ಹಂಗಾದ್ರೆ ಫೈಲು ತೆರೆದೇ ಇರತ್ತೆ. ನಿಮಗೇ ತೊಂದರೆ" ಅಂದರು.

"ಇರಲಿ ಸಾರ್. ಸುಳ್ಳು ಬರೆದು ಮುಚ್ಚೋದಕ್ಕಿಂತ ನಿಜ ಹೇಳಿ ತೆರೆದಿರಲಿ" ಎಂದು ಪೆನ್ನು ವಾಪಸ್ ಕೊಟ್ಟೆ.

ಸಾಹೇಬರು ಪೆನ್ನು ಜೇಬಿಗೆ ಸಿಕ್ಕಿಸಿದರು. "ನಾನು ಪರಿಶೀಲನೆ ಮಾಡಾಯ್ತಲ್ಲ. ನೋಡಿದೆ."

"ದೂರದಿಂದ ನೋಡಿದ್ದೀರಿ. ಕಾಂಕ್ರೀಟೋ ಮಣ್ಣೋ ಅನ್ನೋ ಒಂದೇ ಒಂದು ವಿಷಯ, ಅದನ್ನ ಇನ್ನೊಂದು ಸಲ ನೋಡ್ಬಿಡಿ" ಅಂದೆ. "ಶೂ ಬಿಚ್ಚಿ, ಬರಿಗಾಲಲ್ಲಿ ನಿಂತು ನೋಡಿ ಸಾರ್."